ಎಡಕ್ಕೆ ವಾಲುವ ಸಾಲು

ಎದುರಿಗೆ ಎಲ್ಲರೂ ಅವರನ್ನು ಮೇಷ್ಟ್ರೇ ಎನ್ನುತ್ತಿದ್ದರು, ಬೆನ್ನ ಹಿಂದೆ ಪಡಿಯಚ್ಚು ಎನ್ನುತ್ತಿದ್ದರು. ಎರಡನೆಯದೇ ಹಳೆಯ ಹೆಸರು. ಇದೇ ವೇದ ಪಾಠಶಾಲೆಯಲ್ಲಿ ಅವರು ಹುಡುಗನಾಗಿದ್ದಾಗ ಜೊತೆಯ ಹುಡುಗರು ಕಟ್ಟಿದ್ದು ಅದು. ಗುರುಗಳು ಮಂತ್ರ ಹೇಳಿದರೆ ಮಂತ್ರ, ಕೆಮ್ಮಿದರೆ ಕೆಮ್ಮು, ಗಂಟಲು ಸರಿಮಾಡಿಕೊಂಡರೆ ಅದೂ ಸೇರಿ, ಎಲ್ಲವನ್ನೂ ಹಾಗೆ ಹಾಗೆಯೇ ಒಪ್ಪಿಸುವ ಹುಡುಗ ಎಂದು ಹೀಯಾಳಿಸಲು ಇಟ್ಟ ಹೆಸರು. ಹುಡುಗ ಅದನ್ನು ಪದಕ ಸಿಕ್ಕಿದವನ ಹಾಗೆ ಎದೆಗೆ ಸಿಕ್ಕಿಸಿಕೊಂಡು ಓಡಾಡಿದ.

ಅವನ ಅಪ್ಪ ಪಾಠಶಾಲೆಯ ಅಡುಗೆಯವನು. ಮಗ ವೇದ ಕಲಿತು ಉದ್ಧಾರವಾಗಲಿ ಎಂದೇನೂ ಅವನನ್ನು ಪಾಠಕ್ಕೆ ಕೂರಿಸಿದ್ದಲ್ಲ. ಒಲೆಯ ಮುಂದೆ ಅಪ್ಪನ ಕೈಗಳು ಮೊಣಕೈವರೆಗೂ ಸುಟ್ಟು ಕಲೆಗಟ್ಟಿದ್ದವು. ಇವನಾದರೂ ನೆರಳಲ್ಲಿ ಕೂತು ಕೂಗಿಕೊಂಡಿರಲಿ, ಹೇಗೂ ಊಟ ಇಲ್ಲೇ ತಾನೇ ಎಂದು ಅಡುಗೆಮನೆಯಿಂದ ಹಜಾರಕ್ಕೆ ತಳ್ಳಿದ. ಹುಡುಗ ತಳ್ಳಿದ ಕಡೆ ಕೂತ. ಕೂತವನು ಮತ್ತೆ ಏಳಲಿಲ್ಲ.

ಅಲ್ಲಿ ಪುಸ್ತಕ ಮುಟ್ಟುವಂತಿರಲಿಲ್ಲ. ಗುರು ಒಂದು ಸಲ ಹೇಳಬೇಕು, ಹುಡುಗರು ಎರಡು ಸಲ ಹೇಳಬೇಕು. ಸ್ವರ ಇಳಿಯುವಲ್ಲಿ ಗುರುವಿನ ಕೈ ಹುಡುಗನ ತಲೆ ಹಿಡಿದು ಬಗ್ಗಿಸುತ್ತದೆ, ಏರುವಲ್ಲಿ ಎತ್ತುತ್ತದೆ. ಇದಕ್ಕೆ ಸಂಥೆ ಎನ್ನುತ್ತಾರೆ. ತಿಂಗಳುಗಟ್ಟಲೆ ಹೀಗೆ ತಲೆ ಆಡಿಸಿದ ಮೇಲೆ ಮಂತ್ರ ಬಾಯಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಬೆನ್ನಿಗೆ ಇಳಿದು ಕೂರುತ್ತದೆ. ಆಮೇಲೆ ಜ್ವರ ಬಂದು ಮಲಗಿದವನನ್ನು ಎಬ್ಬಿಸಿ ಕೇಳಿದರೂ ಗಳಗಳ ಒಪ್ಪಿಸುತ್ತಾನೆ. ಅರ್ಥ ಕೇಳಿದರೆ ಮಾತ್ರ ನಿಮ್ಮ ಮುಖವನ್ನೇ ನೋಡುತ್ತಾನೆ.

ಹುಡುಗನಿಗೆ ಬೇರೆ ಜಾಣತನ ಏನೂ ಇರಲಿಲ್ಲ. ಲೆಕ್ಕ ಬಾರದು, ಈಜು ಬಾರದು, ನಾಲ್ಕು ಜನರ ನಡುವೆ ಮಾತು ಬಾರದು. ಕೇಳಿದ್ದನ್ನು ಕೂದಲು ಕೊಂಕದಂತೆ ತಿರುಗಿ ಕೊಡುವುದು, ಅದೊಂದು ಬರುತ್ತಿತ್ತು. ಅಷ್ಟರಿಂದಲೇ ಬದುಕು ಸಾಗಿತು. ಗುರುಗಳು ಹಾಸಿಗೆ ಹಿಡಿದಾಗ ದೊಡ್ಡ ಮನೆತನದ ಶಿಷ್ಯರೆಲ್ಲ ಸುತ್ತ ನಿಂತಿದ್ದರೂ ತಾವು ಕೂರುತ್ತಿದ್ದ ಮರದ ಹಲಗೆಯನ್ನು ಅಡುಗೆಯವನ ಮಗನಿಗೇ ಬಿಟ್ಟರು. "ನನ್ನ ಬಾಯಿ ಇವನ ಹತ್ರ ಇದೆ" ಎಂದರು. ಆ ಮಾತಿನ ಮೇಲೆ ಮೇಷ್ಟ್ರು ಇಡೀ ಆಯುಷ್ಯ ಕೂತರು. ತಲೆ ನರೆಯಿತು, ಹಲ್ಲು ಉದುರಿದವು, ಪಾಠಶಾಲೆ ಹಳೇ ಕಟ್ಟಡ ಬಿಟ್ಟು ಸಿಮೆಂಟ್ ವ್ಯಾಪಾರಿ ಕಟ್ಟಿಸಿಕೊಟ್ಟ ಹೊಸ ಕಟ್ಟಡಕ್ಕೆ ಬಂತು. ಆ ವ್ಯಾಪಾರಿ ಸಹಜವಾಗಿಯೇ ಅಧ್ಯಕ್ಷನೂ ಆದ. ಹೊಸ ಹಜಾರದಲ್ಲಿ ನೆಲಕ್ಕೆ ಕಾಲು ಜಾರುವಂಥ ಟೈಲ್ಸು, ಗೋಡೆಗೆ ಅಧ್ಯಕ್ಷನ ಅಪ್ಪನ ಫೋಟೋ, ಮೂಲೆಯಲ್ಲಿ ಕುಡಿಯುವ ನೀರಿನ ಸ್ಟೀಲಿನ ಟ್ಯಾಂಕು. ಹಲಗೆ ಮಾತ್ರ ಹಳೆಯದೇ. ಗುರುಗಳ ಕಾಲಿನ ಗೆಣ್ಣು ತಗುಲಿ ಸವೆದ ಗುಳಿಯಲ್ಲೇ ಮೇಷ್ಟ್ರ ಗೆಣ್ಣೂ ಕೂರುತ್ತಿತ್ತು.

ಈ ವರ್ಷ ಪಾಠಶಾಲೆ ವೇದ ಪಾಠಶಾಲೆಗಳ ಯಾವುದೋ ಒಕ್ಕೂಟಕ್ಕೆ ಸೇರಿತು. ಅದರಿಂದಾಗಿ ಪರೀಕ್ಷೆಗೆ ಹೊರಗಿನವರು ಬಂದರು. ಇಷ್ಟು ವರ್ಷ ಬರುತ್ತಿದ್ದವರೆಲ್ಲ ಅದೇ ಗುರುಗಳ ಹಳೇ ಶಿಷ್ಯರು. ಬರುತ್ತಿದ್ದರು, ಕೇಳುತ್ತಿದ್ದರು, ಉಂಡು ಹೋಗುತ್ತಿದ್ದರು. ಈ ಸಲ ಬಂದ ಪರೀಕ್ಷಕ ದಪ್ಪ ಕನ್ನಡಕದ ಸಣಕಲು ಮನುಷ್ಯ. ಊಟದ ಸುದ್ದಿ ಎತ್ತಲಿಲ್ಲ. ಕಣ್ಣು ಮುಚ್ಚಿ ಕೂತ.

ಕೊನೆಯ ಹಂತ ಮುಟ್ಟಿದ್ದವರು ಐವರು. ಅವರಲ್ಲಿ ಹಿರಿಯ ಶಿಷ್ಯನಿಗೆ ಉದ್ದಣ್ಣ ಎಂದೇ ಹೆಸರು. ಬಾಗಿಲಲ್ಲಿ ತಲೆ ಬಗ್ಗಿಸದೆ ಬಂದದ್ದೇ ಇಲ್ಲ. ಅವನಿಗೆ ದೂರದ ಊರಿನ ಪಾಠಶಾಲೆಯೊಂದರಲ್ಲಿ ಮೇಷ್ಟ್ರ ಕೆಲಸ ನಿಶ್ಚಯವಾಗಿತ್ತು. ಪ್ರಮಾಣಪತ್ರ ಕೈಗೆ ಬಂದರೆ ಹೊರಡುವುದೊಂದೇ ಬಾಕಿ. ತಂಗಿಯ ಮದುವೆ, ಅಮ್ಮನ ಕಣ್ಣಿನ ಆಪರೇಷನ್ನು, ಎಲ್ಲವೂ ಆ ಕೆಲಸದ ಬಾಲ ಹಿಡಿದು ನಿಂತಿದ್ದವು.

ಐವರೂ ಸಾಲಾಗಿ ಕೂತು ಶುರು ಮಾಡಿದರು. ಬೆಳಗಿನ ಮೊದಲ ಪಾಠದ ಮಂತ್ರ, ದಿನಾ ಹೇಳುವಂಥದ್ದು. ಚೆನ್ನಾಗಿಯೇ ಹೋಗುತ್ತಿತ್ತು. ಒಂದು ಕಡೆ ಐದೂ ಬಾಯಿಗಳು ಕತ್ತರಿಸಿದಂತೆ ನಿಂತವು. ಒಂದು ಲೋಟ ನೀರು ಕುಡಿಯುವಷ್ಟು ಹೊತ್ತು ಹಜಾರದಲ್ಲಿ ಸದ್ದಿಲ್ಲ. ಮತ್ತೆ ಒಟ್ಟಿಗೇ ಶುರುವಾಯಿತು.

ಪರೀಕ್ಷಕ ಕಣ್ಣು ಬಿಟ್ಟ. "ನಿಲ್ಲಿ, ನಿಲ್ಲಿ. ಅಲ್ಲ್ಯಾಕೆ ನಿಂತ್ರಿ?"

"ಎಲ್ಲಿ?" ಎಂದ ಉದ್ದಣ್ಣ.

"ಇನ್ನೊಂದ್ಸಲ ಹೇಳಿ."

ಹೇಳಿದರು. ಪರೀಕ್ಷಕ ಈ ಸಲ ಕಣ್ಣು ಬಿಟ್ಟುಕೊಂಡೇ ಇದ್ದ. ಆ ಜಾಗಕ್ಕೆ ಬಂದ ಕೂಡಲೇ ಐವರೂ ತಿರುವಿನಲ್ಲಿ ಸೈಕಲ್ ಹೊರಳಿಸುವವರ ಹಾಗೆ ಎಡಕ್ಕೆ ವಾಲಿದರು, ಉಸಿರು ಹಿಡಿದರು, ಸ್ವಲ್ಪ ಹೊತ್ತು ಬಿಟ್ಟು ನೆಟ್ಟಗಾಗಿ ಮುಂದಿನ ಪದ ಎತ್ತಿಕೊಂಡರು.

"ಏನ್ರಯ್ಯಾ ಇದು! ಯಾರಾದ್ರೂ ಹೊಡೆಯೋಕೆ ಬಂದ್ರಾ?"

ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು. ತಾವು ವಾಲಿದ್ದು ಅವರಿಗೆ ಗೊತ್ತೇ ಇರಲಿಲ್ಲ. ಮೂಲೆಯಲ್ಲಿ ಕೂತಿದ್ದ ಹೊಸ ಮೇಷ್ಟ್ರು ಕಾಲಿನ ಉಗುರು ನೋಡಿಕೊಂಡರು. ಬೇರೆ ಊರಲ್ಲಿ ಕಲಿತು ಬಂದು, ಇಲ್ಲಿ ಸಣ್ಣ ಮಕ್ಕಳ ಪಾಠಕ್ಕೆ ಸೇರಿ ಎರಡು ವರ್ಷ ಆಗಿದ್ದ ಆಸಾಮಿ ಅವರು. ಬಂದ ಮೊದಲ ದಿನವೇ ಇದನ್ನು ನೋಡಿದ್ದರು. ಹೊಸಬ ಬಾಯಿ ಬಿಟ್ಟರೆ ಮುಖಕ್ಕೆ ಹೊಡೆಸಿಕೊಳ್ಳಬೇಕಾದೀತು ಎಂದು ಸುಮ್ಮನಿದ್ದರು.

"ಪಾಠ ಇರೋದೇ ಹಾಗೆ" ಎಂದರು ಮೇಷ್ಟ್ರು.

"ಹಾಗಾದ್ರೆ ನೀವು ಹೇಳಿ, ಕೇಳೋಣ."

ಮೇಷ್ಟ್ರು ಹಲಗೆಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತು ಹೇಳಿದರು. ಅಲ್ಲಿಗೆ ಬಂದಾಗ ನಿಂತರು. ಎಡಕ್ಕೆ ವಾಲಿದರು, ಎಷ್ಟೆಂದರೆ ಬಲ ತೊಡೆ ಹಲಗೆಯಿಂದ ಮೇಲೆದ್ದಿತು. ಕುರ್ಚಿಯಲ್ಲಿ ಕೂತಿದ್ದ ಅಧ್ಯಕ್ಷ ಕರವಸ್ತ್ರ ತೆಗೆದು ಮೂಗು ಒರೆಸುವ ನೆಪದಲ್ಲಿ ನಕ್ಕ.

ಪರೀಕ್ಷಕ ನಗಲಿಲ್ಲ. "ಮಂತ್ರದ ನಡುಮಧ್ಯೆ ಉಸಿರು ಕಡಿಯೋ ಹಾಗಿಲ್ಲ. ನಿಮಗೆ ಇದನ್ನ ನಾನು ಹೇಳಿಕೊಡ್ಬೇಕಾ? ಮೂರು ತಿಂಗಳು ಬಿಟ್ಟು ಬರ್ತೀನಿ. ಅಷ್ಟರಲ್ಲಿ ಇದು ಹೋಗಿರ್ಬೇಕು. ಇಲ್ಲಾ, ಇದು ನಮ್ಮ ಗುರುಪರಂಪರೆಯ ಪಾಠ ಅಂತ ನೀವು ಎಲ್ಲರ ಎದುರು ಹೇಳ್ಬೇಕು, ನಾನು ಒಪ್ಕೋತೀನಿ. ಎರಡೂ ಆಗಲ್ಲ ಅಂದ್ರೆ ಈ ಐವರಿಗೂ ಪತ್ರ ಇಲ್ಲ."

ಅವನು ಹೋದ ಮೇಲೆ ಅಧ್ಯಕ್ಷ ಮೇಷ್ಟ್ರ ಹೆಗಲ ಮೇಲೆ ಕೈ ಹಾಕಿದ. "ಇಷ್ಟಕ್ಕೇ ಯಾಕೆ ಮುಖ ಇಳಿಬಿಡ್ತೀರಿ? ಪರಂಪರೆ ಅಂತ ಹೇಳ್ಬಿಡಿ, ಕಥೆ ಮುಗೀತು. ಜನ ಕೈ ಮುಗೀತಾರೆ. ಒಕ್ಕೂಟದಲ್ಲಿ ನಮಗೂ ಒಂದು ತೂಕ ಬರುತ್ತೆ, ಇಂಥ ವಿಶೇಷ ಬೇರೆ ಎಲ್ಲೂ ಇಲ್ಲ ಅಂತ. ಅದು ಬಿಟ್ಟು ನೀವೇನಾದ್ರೂ ತಲೆ ಕೆಡಿಸ್ಕೊಂಡು ಹುಡುಗರು ಫೇಲಾದ್ರೆ, ಹಲಗೆ ಮೇಲೆ ಯಾರು ಕೂರ್ಬೇಕು ಅಂತ ನಾವೂ ಯೋಚನೆ ಮಾಡ್ಬೇಕಾಗುತ್ತೆ, ನೋಡಿ."

ಹೇಳಲು ಮೇಷ್ಟ್ರಿಗೇನೂ ಅಭ್ಯಂತರ ಇರಲಿಲ್ಲ. ಅವರ ಮಟ್ಟಿಗೆ ಅದು ನಿಜವೇ. ಗುರುಗಳು ನಿಂತಿದ್ದರು, ತಾವು ನಿಂತರು. ಆದರೆ ಎಲ್ಲರ ಎದುರು ಹೇಳುವಾಗ ಯಾರಾದರೂ ಯಾಕೆ ಎಂದರೆ ಬಾಯಿ ಬಿಟ್ಟುಕೊಂಡು ನಿಲ್ಲಬಾರದಲ್ಲ. ಗುರುಗಳು ಏನಾದರೂ ಕಾರಣ ಹೇಳಿದ್ದರೇ? ತಮಗೆ ನೆನಪಿಲ್ಲ. ತಮ್ಮ ಸರೀಕರಲ್ಲಿ ಊರಲ್ಲಿ ಉಳಿದಿದ್ದವನು ಒಬ್ಬನೇ, ಗಾದಿಯವನು.

ಗಾದಿಯವನು ಹದಿನಾಲ್ಕನೆಯ ವಯಸ್ಸಿನಲ್ಲಿ ಪಾಠಶಾಲೆಯ ಹಿತ್ತಿಲ ಗೋಡೆ ಹಾರಿ ಓಡಿಹೋದವನು. ಹಾಸಿಗೆ ಹೊಲಿಯುವುದು ಕಲಿತ, ಸ್ಕೂಟರಿನ ಸೀಟು ಹೊಲಿಯುವುದು ಕಲಿತ. ಪಾಠಶಾಲೆ ಖಾಲಿ ಮಾಡಿದ ಹಳೇ ಕಟ್ಟಡವನ್ನೇ ಬಾಡಿಗೆಗೆ ಹಿಡಿದು ಅಂಗಡಿ ಇಟ್ಟ. "ಗೋಡೆ ಹಾರಿ ಹೋದವನು ಬಾಗಿಲಿಂದ ಬಂದೆ" ಎಂದು ಬಂದವರಿಗೆಲ್ಲ ಹೇಳುತ್ತಿದ್ದ.

ಮೇಷ್ಟ್ರು ಬೆಳಗಿನ ಪಾಠ ಮುಗಿಸಿಕೊಂಡು ಹೋದಾಗ ಅವನು ನೆಲದ ಮೇಲೆ ಕಾಲು ಚಾಚಿ ಕೂತು ಹಲ್ಲಿನಲ್ಲಿ ಸೂಜಿ ಕಚ್ಚಿಕೊಂಡಿದ್ದ. ಉದ್ದನೆಯ ಇಕ್ಕಟ್ಟು ಹಜಾರದ ತುಂಬ ಫೋಮಿನ ಹಾಳೆ, ರೆಗ್ಸಿನ್ ಸುರುಳಿ, ಹರಿದ ಸೀಟುಗಳ ರಾಶಿ. ಅಂಟಿನ ವಾಸನೆಗೆ ಕಣ್ಣು ಉರಿಯುತ್ತಿತ್ತು.

"ಏನೋ ಪಡಿಯಚ್ಚು! ಸತ್ತೆ ಅಂತಿದ್ದರಲ್ಲೋ ಜನ."

"ನಿನ್ನ ಕಳಿಸಿ ಹೋಗೋಣ ಅಂತ ಇದೀನಿ."

"ಹಾಗಾದ್ರೆ ಕೂತ್ಕೋ, ತಡ ಆಗುತ್ತೆ."

ಮೇಷ್ಟ್ರು ವಿಷಯ ಹೇಳಿದರು. ಗಾದಿಯವನಿಗೆ ತಲೆಬುಡ ತಿಳಿಯಲಿಲ್ಲ. "ನಿಂದು ಮಂತ್ರ ಎಲ್ಲಿ, ನಂದು ಹತ್ತಿ ಎಲ್ಲಿ. ನನಗೆ ಒಂದಕ್ಷರ ನೆನಪಿಲ್ಲ ಮಾರಾಯ. ಎಲ್ಲಿ ನಿಲ್ತಿದ್ರು, ಹೇಳಿ ತೋರಿಸು."

ಗುರುಗಳ ಹಲಗೆ ಇರುತ್ತಿದ್ದ ಜಾಗ ಮೇಷ್ಟ್ರಿಗೆ ಗೊತ್ತಿತ್ತು. ಹಜಾರದ ಕೊನೆ, ಹಿತ್ತಿಲ ಬಾಗಿಲ ಎಡಪಕ್ಕ. ಅಲ್ಲಿ ಗಾಳಿ ಬರುತ್ತದೆಂದು ಗುರುಗಳು ಅಲ್ಲೇ ಕೂರುತ್ತಿದ್ದರು. ಮೇಷ್ಟ್ರು ಎರಡು ಸೀಟು ಪಕ್ಕಕ್ಕೆ ತಳ್ಳಿ, ಬಾಗಿಲಿಗೆ ಬಲಭುಜ ಕೊಟ್ಟು ಕೂತು ಮಂತ್ರ ಶುರು ಮಾಡಿದರು. ಹೊಲಿಗೆ ಮೆಷಿನ್ನಿನ ಸದ್ದು ನಿಂತಿತು. ಕೆಲಸದ ಹೆಂಗಸೊಬ್ಬಳು ಅಂಟಿನ ಬಕೆಟ್ಟು ಹಿಡಿದು ಹಿತ್ತಿಲಿಗೆ ಹೊರಟಿದ್ದಳು. ಯಾರೋ ಹಿರಿಯರು ಏನೋ ಹೇಳುತ್ತಿದ್ದಾರೆಂದು ಅವಳು ನಿಲ್ಲಲಿಲ್ಲ. ಅಂಟು ಆರಿಹೋಗುತ್ತದೆ. ಮೇಷ್ಟ್ರ ಬಲಗಡೆಯಿಂದ, ಹೆಗಲಿಗೆ ಒಂದು ಗೇಣು ದೂರದಲ್ಲಿ ಬಕೆಟ್ಟಿನ ಹಿಡಿಕೆ ಕಿರ್ರೆನ್ನಿಸುತ್ತ ದಾಟಿದಳು.

ಮೇಷ್ಟ್ರು ಆಗಲೇ ಎಡಕ್ಕೆ ವಾಲಿದ್ದರು. ಬಾಯಿ ನಿಂತಿತ್ತು. ಮಂತ್ರದಲ್ಲಿ ನಿಲ್ಲಬೇಕಾದ ಜಾಗಕ್ಕೆ ಇನ್ನೂ ಅರ್ಧ ಸಾಲು ಇತ್ತು.

ಗಾದಿಯವನು ಎಂಥ ನಗೆ ನಕ್ಕನೆಂದರೆ ಬಾಯಲ್ಲಿದ್ದ ಸೂಜಿ ಹಾರಿ ಫೋಮಿಗೆ ಚುಚ್ಚಿಕೊಂಡಿತು. "ಅದೇ! ಥೇಟು ಅದೇ! ಗುರುಗಳೇ ಎದ್ದು ಬಂದು ಕೂತ ಹಾಗಿದೆ!"

"ಯಾವುದೋ ಅದೇ?"

"ನೆನಪಿಲ್ವೇನೋ ನಿನಗೆ? ಪೊರಕೆಯಕ್ಕ ಬರ್ತಿದ್ದಳಲ್ಲ."

ಮೇಷ್ಟ್ರಿಗೆ ನೆನಪಾಗಲಿಲ್ಲ. ಗಾದಿಯವನು ಕಣ್ಣು ಒರೆಸಿಕೊಂಡು ಹೇಳಿದ. ಪಾಯಖಾನೆ ಇದ್ದದ್ದು ಹಿತ್ತಿಲಲ್ಲಿ. ಹಿತ್ತಿಲಿಗೆ ದಾರಿ ಇದೊಂದೇ, ಹಜಾರದ ಒಳಗಿಂದ. ಬೆಳಗ್ಗೆ ಗಂಟೆ ಹೊಡೆದು ಮೊದಲ ಪಾಠ ಶುರುವಾದರೆ ಆ ಮಂತ್ರದ ಆ ಸಾಲಿಗೆ ಬರುವ ಹೊತ್ತಿಗೆ ಸರಿಯಾಗಿ ಗುಡಿಸುವವಳು ಪೊರಕೆ, ಬಕೆಟ್ಟು ಹಿಡಿದು ಒಳಗೆ ಬರುತ್ತಿದ್ದಳು. ಬೀದಿ ನಲ್ಲಿಯಲ್ಲಿ ನೀರು ಬಿಡುವ ಹೊತ್ತು ಅದು. ಬೇರೆ ಹೊತ್ತಿಗೆ ಬರಲಾಗದು.

"ಅವಳ ಕಿವಿಗೆ ಮಂತ್ರ ಬೀಳ್ಬಾರ್ದು ಅಂತ ಗುರುಗಳು ಬಾಯಿ ಮುಚ್ತಿದ್ರು. ಅವಳ ಬಟ್ಟೆ ತಾಗ್ಬಾರ್ದು ಅಂತ ವಾಲ್ತಿದ್ರು. ಅಷ್ಟೇ ಕಣೋ ನಿನ್ನ ಪರಂಪರೆ!"

"ಸುಳ್ಳು ಹೇಳ್ಬೇಡ."

"ನನಗೇನು ಲಾಭ? ಅವಳೇನು ಕಡಿಮೆ ಘಾಟಿ ಹೆಂಗಸು ಅಂತ ತಿಳಿದ್ಯಾ? ಬೇಕೂ ಅಂತ ನಿಧಾನ ನಡೀತಿದ್ದಳು. ಸರಿಯಾಗಿ ಗುರುಗಳ ಪಕ್ಕ ಬಂದಾಗ ಬಕೆಟ್ ಕೆಳಗಿಟ್ಟು ಕೈ ಬದಲಾಯಿಸ್ಕೋತಿದ್ದಳು. ಅಷ್ಟು ಹೊತ್ತೂ ಗುರುಗಳು ಉಸಿರು ಕಟ್ಕೊಂಡು ವಾಲ್ಕೊಂಡೇ ಇರ್ಬೇಕು! ಹಿಂದಿನ ಸಾಲಲ್ಲಿ ನಾವು ಬಾಯಿಗೆ ಬಟ್ಟೆ ತುರುಕ್ಕೊಂಡು ನಗ್ತಿದ್ವಿ. ನಿನ್ನ ಹುಡುಗರು ಈಗ ಎಷ್ಟು ಹೊತ್ತು ನಿಲ್ತಾರೆ?"

ಮೇಷ್ಟ್ರು ಹೇಳಿದರು.

"ನೋಡಿದ್ಯಾ. ಕೈ ಬದಲಾಯಿಸೋ ಹೊತ್ತನ್ನೂ ಬಿಟ್ಟಿಲ್ಲ ನೀನು. ಭಲೇ ಪಡಿಯಚ್ಚು!"

"ನಾನು ಅವಳನ್ನ ನೋಡಿದ ನೆನಪೇ ಇಲ್ಲವಲ್ಲೋ."

"ಗುರುಗಳ ಬಾಯಿ ಬಿಟ್ಟು ನೀನು ಬೇರೆ ಏನನ್ನ ನೋಡಿದ್ದೆ?"

ಅದು ಖರೆ. ಅವಳ ಮುಖವಿಲ್ಲ, ಮೈಯಿಲ್ಲ, ವಯಸ್ಸು ಗೊತ್ತಿಲ್ಲ. ಕಿರ್ರೆನ್ನುವ ಹಿಡಿಕೆಯ ಸದ್ದೊಂದು ಮಾತ್ರ ಎಲ್ಲೋ ಇತ್ತು. ಇಷ್ಟು ವರ್ಷ ಅದನ್ನು ಅವರು ಬಾಗಿಲಿನ ತಿರುಗಣಿ ಎಂದುಕೊಂಡಿದ್ದರು.

"ಆಮೇಲೆ ಅವಳು ಏನಾದಳು?"

"ಯಾರಿಗೆ ಗೊತ್ತು. ಯಾರು ಕೇಳಿದ್ರು?" ಎಂದು ಗಾದಿಯವನು ಸೂಜಿ ಹುಡುಕತೊಡಗಿದ.

ಮೇಷ್ಟ್ರ ಮನೆ ಎಂದರೆ ಪಾಠಶಾಲೆಯ ಹಿಂಬದಿಯ ಎರಡು ಕೋಣೆ. ಅವರ ಹೆಂಡತಿ ನರ್ಸಿಂಗ್ ಹೋಮಿನಲ್ಲಿ ಬಟ್ಟೆ ಒಗೆಯುವ ಕೆಲಸಕ್ಕೆ ಹೋಗುತ್ತಿದ್ದಳು. ರಕ್ತ, ಕೀವು, ಉಚ್ಚೆ ಮೆತ್ತಿದ ಹಾಸುಗಳನ್ನು ಮೆಷಿನ್ನಿಗೆ ತುಂಬುವುದು, ತೆಗೆಯುವುದು. ಮೇಷ್ಟ್ರ ಸಂಬಳದಲ್ಲಿ ಮನೆ ನಡೆಯದು ಎನ್ನುವುದು ಅಧ್ಯಕ್ಷನಿಗೂ ಗೊತ್ತು. ಆದರೆ ಕೇಳಿದವರಿಗೆಲ್ಲ ಅವನು "ಅವರ ಮನೆಯವರು ಆಸ್ಪತ್ರೇಲಿ ಮೇಲ್ವಿಚಾರಣೆ ನೋಡ್ಕೋತಾರೆ" ಎನ್ನುತ್ತಿದ್ದ. ಮೇಷ್ಟ್ರೂ ತಿದ್ದುತ್ತಿರಲಿಲ್ಲ.

ಅವಳು ಕೆಲಸ ಮುಗಿಸಿ ಬಂದು ಸೋಡಾದಿಂದ ಬಿಳಿಚಿದ ಬೆರಳುಗಳಿಗೆ ಎಣ್ಣೆ ಸವರಿಕೊಳ್ಳುತ್ತಿದ್ದಾಗ ಮೇಷ್ಟ್ರು ಎಲ್ಲ ಹೇಳಿದರು. ಅವಳು ಪೂರ್ತಿ ಕೇಳಿಸಿಕೊಂಡಳು. ನಡುವೆ ಒಂದು ಸಲ ನಗು ಬಂತು, ತಡೆದುಕೊಂಡಳು.

"ಅಂದ್ರೆ ಅಷ್ಟೂ ವರ್ಷ ನೀವು ಅವಳಿಗೆ ದಾರಿ ಬಿಡ್ತಾ ಕೂತಿದ್ದೀರಿ."

"ನಗೋ ವಿಷಯ ಅಲ್ಲ."

"ನಾನು ನಗ್ತಿಲ್ಲ. ನಾನು ಬಕೆಟ್ ಹಿಡ್ಕೊಂಡು ಪಕ್ಕದಲ್ಲಿ ಬಂದ್ರೂ ವಾಲ್ತೀರಾ?"

ಉತ್ತರಕ್ಕೆ ಅವಳು ಕಾಯಲಿಲ್ಲ. ಎಣ್ಣೆ ಬಾಟಲಿಯ ಮುಚ್ಚಳ ತಿರುಗಿಸಿ ಗೂಡಿನಲ್ಲಿಟ್ಟಳು.

"ಈಗೇನ್ಮಾಡ್ತೀರಿ? ಪರಂಪರೆ ಅಂತ ಹೇಳಿ ಹುಡುಗರನ್ನ ದಾಟಿಸಿಬಿಡಿ. ಆ ಉದ್ದನೆ ಹುಡುಗನ ಹೊಟ್ಟೆ ಮೇಲೆ ಹೊಡೀಬೇಡಿ."

"ಸುಳ್ಳು ಹೇಳೋಕೆ ನನಗೇನೂ ಕಷ್ಟ ಇಲ್ಲ" ಎಂದರು ಮೇಷ್ಟ್ರು. "ಆದ್ರೆ ಅವನು ಅಲ್ಲಿ ಹೋಗಿ ನೂರು ಹುಡುಗರಿಗೆ ವಾಲೋದು ಕಲಿಸ್ತಾನೆ. ಆ ನೂರು ಜನ ಇನ್ನೆಷ್ಟು ಜನಕ್ಕೋ. ಹೇಳಿಕೊಟ್ಟವನು ನಾನು. ಇನ್ನು ಆ ಸಾಲಿಗೆ ಬಂದಾಗೆಲ್ಲ ನನಗೆ ಬಕೆಟ್ ಸದ್ದು ಕೇಳುತ್ತೆ."

"ಹಾಗಾದ್ರೆ ತೆಗೆದುಹಾಕಿ."

ಅವಳ ಕೆಲಸದಲ್ಲಿ ಕಲೆ ಎಂದರೆ ತೆಗೆದುಹಾಕುವಂಥದ್ದು. ಇಲ್ಲಿ ಅದು ಅಷ್ಟು ಸಲೀಸಾಗಿರಲಿಲ್ಲ.

ಮಾರನೆಯ ಬೆಳಗ್ಗೆ ಮೇಷ್ಟ್ರು ಐವರನ್ನೂ ಕೂರಿಸಿ, "ಆ ನಿಲುಗಡೆ ತಪ್ಪು. ನಿಲ್ಲದೆ ಹೇಳಿ" ಎಂದರು. ಯಾಕೆ ತಪ್ಪು ಎಂಬುದನ್ನೂ ಹೇಳಿದರು, ಸುತ್ತಿಬಳಸದೆ. ಹುಡುಗರ ಮುಖ ಕಪ್ಪಿಟ್ಟಿತು. ಉದ್ದಣ್ಣ ಮಾತ್ರ "ಸರಿ, ಹೇಳ್ಕೊಡಿ" ಎಂದ. ಮೇಷ್ಟ್ರು ಹೇಳಿದರು. ನಿಂತರು. ವಾಲಿದರು.

ಮತ್ತೆ ಹೇಳಿದರು. ಮತ್ತೆ ಹಾಗೇ ಆಯಿತು. ಗಮನವಿಟ್ಟು ನಿಲ್ಲದೆ ದಾಟಿದರೆ ಮುಂದಿನ ಪದ ಕೈಕೊಟ್ಟು, ಮೆಟ್ಟಿಲು ತಪ್ಪಿದವರ ಹಾಗೆ ಎಲ್ಲೋ ಹೋಗಿ ಬೀಳುತ್ತಿದ್ದರು. ಎಡಪಕ್ಕಕ್ಕೆ ಅಕ್ಕಿ ಮೂಟೆ ಇಟ್ಟುಕೊಂಡು ಕೂತರು. ಮೂಟೆ ಉರುಳಿತು. ಗೋಡೆಗೆ ಆತುಕೊಂಡು ಕೂತರು. ಸುಣ್ಣ ಮೈಗೆ ಹತ್ತಿತು. ಮೊದಲ ತಿಂಗಳು ಹೀಗೇ ಕಳೆಯಿತು. ಹುಡುಗರಿಗೋ ಎದುರಿಗೆ ಮೇಷ್ಟ್ರ ಮೈ ವಾಲಿದರೆ ಸಾಕು, ತಮ್ಮದೂ ವಾಲುತ್ತಿತ್ತು. ಅವರು ಕಲಿತದ್ದೇ ಹಾಗೆ. ಎದುರಿಗಿದ್ದವರು ಮಾಡಿದ್ದನ್ನು ಮಾಡುವುದು.

ಒಂದು ಮಧ್ಯಾಹ್ನ ಊಟವಾದ ಮೇಲೆ ಉದ್ದಣ್ಣ ತಟ್ಟೆ ತೊಳೆಯುತ್ತ, ಮೇಷ್ಟ್ರ ಮುಖ ನೋಡದೆ ಹೇಳಿದ: "ಸಿಟ್ಟು ಮಾಡ್ಕೋಬೇಡಿ. ನೀವು ಎದುರಿಗೆ ಕೂತಷ್ಟು ದಿನ ನಮಗಿದು ಹೋಗಲ್ಲ."

ಮೇಷ್ಟ್ರು ಕೈಯಲ್ಲಿದ್ದ ಲೋಟವನ್ನು ಅವನ ಮೇಲೆ ಎಸೆಯಬೇಕೆಂದುಕೊಂಡರು. ಎಸೆಯಲಿಲ್ಲ. ಹುಡುಗ ಹೇಳಿದ್ದು ಸರಿಯಾಗಿತ್ತು, ಸಿಟ್ಟು ಬಂದದ್ದೂ ಅದಕ್ಕೇ.

ಹೊಸ ಮೇಷ್ಟ್ರ ಕೋಣೆಗೆ ಅವರು ಅದುವರೆಗೆ ಕಾಲಿಟ್ಟಿರಲಿಲ್ಲ. ಬೇರೆ ಕಡೆ ಕಲಿತವನು, ಸ್ವರ ಸ್ವಲ್ಪ ಒಣಕಲು, ಪ್ಯಾಂಟು ಹಾಕಿಕೊಂಡು ಪೇಟೆಗೆ ಹೋಗುತ್ತಾನೆ ಎಂದು ಅವನ ಬಗ್ಗೆ ಇವರಿಗೆ ಮೊದಲಿನಿಂದ ತಾತ್ಸಾರ. ಈಗ ಹೋಗಿ ಹೊಸ್ತಿಲಲ್ಲಿ ನಿಂತರು. ಹೊಸ ಮೇಷ್ಟ್ರು ಬನಿಯನ್ ಒಣಹಾಕುತ್ತಿದ್ದವರು ಗಾಬರಿಯಾಗಿ ಅದನ್ನೇ ಎದೆಗೆ ಹಿಡಿದುಕೊಂಡರು.

"ನಾಳೆಯಿಂದ ಮೊದಲ ಪಾಠ ನೀನು ಹೇಳಪ್ಪಾ."

"ಹಲಗೆ ಮೇಲೆ ಕೂತಾ?"

"ಮತ್ತೇನು, ಮರದ ಮೇಲೆ ಕೂತು ಹೇಳ್ತೀಯಾ?"

"ಮತ್ತೆ ನೀವು?"

"ನಾನೂ ಕಲೀಬೇಕಲ್ಲ."

"ಇದು ನನಗೆ ಬಂದ ದಿನಾನೇ ಗೊತ್ತಾಗಿತ್ತು" ಎಂದರು ಹೊಸ ಮೇಷ್ಟ್ರು, ತಡೆಯಲಾರದೆ.

"ಹೇಳ್ಬೇಕಿತ್ತು."

"ಹೇಳಿದ್ರೆ ಕೇಳ್ತಿದ್ರಾ?"

"ಇಲ್ಲ" ಎಂದು ಮೇಷ್ಟ್ರು ವಾಪಸು ಬಂದರು.

ಹಾಗೆ ಹಲಗೆಯ ಮೇಲೆ ಹೊಸಬರು ಕೂತರು. ಮೇಷ್ಟ್ರು ಹುಡುಗರ ಸಾಲಿನಲ್ಲಿ, ಉದ್ದಣ್ಣನ ಬಲಕ್ಕೆ ಚಾಪೆ ಹಾಸಿಕೊಂಡರು. ನಿಯಮವೊಂದನ್ನು ತಾವೇ ಮಾಡಿದರು: ಆ ಸಾಲಿಗೆ ಬಂದಾಗ ಯಾರು ವಾಲಿದರೂ ಪಕ್ಕದವನು ಮೊಣಕೈಯಿಂದ ತಿವಿಯಬೇಕು. ದೊಡ್ಡವರು ಸಣ್ಣವರು ಎನ್ನಬಾರದು. ಮೊದಲ ದಿನ ಉದ್ದಣ್ಣ ತಿವಿಯಲಿಲ್ಲ, ತನ್ನ ಮೈಮೇಲೆ ಒರಗಿದ ಮುದುಕನ ಭಾರ ಹೊತ್ತು ಸುಮ್ಮನಿದ್ದ. "ನಿನಗೆ ಕೈ ಇಲ್ವೇನೋ?" ಎಂದು ಬೈಸಿಕೊಂಡ. ಎರಡನೆಯ ದಿನ ತಿವಿದ. ವಾರ ಕಳೆಯುವಷ್ಟರಲ್ಲಿ ತಿವಿತಕ್ಕೆ ಒಳ್ಳೆ ಹದ ಬಂತು. ಮೇಷ್ಟ್ರ ಎಡ ಪಕ್ಕೆಲುಬಿನ ಮೇಲೆ ನೇರಳೆ ಬಣ್ಣದ ಗುರುತು ನಿಂತಿತು. ಹೆಂಡತಿ ಅದಕ್ಕೂ ಎಣ್ಣೆ ಸವರಿದಳು.

ಹುಡುಗರ ಮೈ ಎಳೆಯದು. ಎರಡನೆಯ ತಿಂಗಳು ಮುಗಿಯುವ ಹೊತ್ತಿಗೆ ಮೂವರು ನೆಟ್ಟಗಾದರು. ಆಮೇಲೆ ನಾಲ್ಕನೆಯವನು. ಕೊನೆಗೆ ಉದ್ದಣ್ಣ. ಮೇಷ್ಟ್ರು ಮಾತ್ರ ಎಲ್ಲಿದ್ದರೋ ಅಲ್ಲೇ.

ಪರೀಕ್ಷಕ ಹೇಳಿದ ದಿನಕ್ಕೆ ಬಂದ. ಅಧ್ಯಕ್ಷ ಈ ಸಲ ನಾಲ್ಕು ಮಂದಿ ಸ್ನೇಹಿತರನ್ನೂ ಕರೆತಂದಿದ್ದ, ಪರಂಪರೆಯ ವಿಶೇಷ ತೋರಿಸಲು. ಹಲಗೆಯ ಮೇಲೆ ಹೊಸ ಮೇಷ್ಟ್ರು ಕೂತದ್ದು ನೋಡಿ ಅವನ ಹುಬ್ಬು ಗಂಟಾಯಿತು. ಮೇಷ್ಟ್ರು ಸಾಲಿನ ತುದಿಯಲ್ಲಿ ಕೂತಿದ್ದರು.

"ನೀವ್ಯಾಕೆ ಅಲ್ಲಿ?" ಎಂದ ಪರೀಕ್ಷಕ.

"ನಂದೂ ಪರೀಕ್ಷೆ ಇದೆ."

ಶುರುವಾಯಿತು. ಹಜಾರದಲ್ಲಿ ಆರು ಗಂಟಲು. ಆ ಜಾಗ ಹತ್ತಿರ ಬಂದಂತೆ ಉದ್ದಣ್ಣನ ಕೊರಳ ನರ ಉಬ್ಬಿತು. ಐದು ಬಾಯಿಗಳು ನಿಲ್ಲದೆ, ಉಸಿರು ಕಡಿಯದೆ, ಅಲ್ಲಿ ಏನೂ ಇಲ್ಲವೇ ಇಲ್ಲ ಎನ್ನುವಂತೆ ದಾಟಿಕೊಂಡು ಹೋದವು. ಆರನೆಯ ಬಾಯಿ ನಿಂತಿತು. ಮೇಷ್ಟ್ರು ಎಡಕ್ಕೆ ವಾಲಿದರು. ಉದ್ದಣ್ಣ ಮಂತ್ರ ಬಿಡದೆ, ತಲೆ ತಿರುಗಿಸದೆ, ಮೊಣಕೈಯಿಂದ ಒಂದು ಕೊಟ್ಟ. ಅಧ್ಯಕ್ಷನ ಸ್ನೇಹಿತರಿಗೆಲ್ಲ ಕೇಳುವಂತೆ ಮೇಷ್ಟ್ರು "ಹುಕ್" ಎಂದರು. ನೆಟ್ಟಗಾಗಿ ಮಂತ್ರದ ಹಿಂದೆ ಓಡಿ ದನಿ ಸೇರಿಸಿದರು.

ಮುಗಿದ ಮೇಲೆ ಪರೀಕ್ಷಕ ಕನ್ನಡಕ ತೆಗೆದ. "ಆ ನಿಲುಗಡೆ ಪರಂಪರೆ ಅಂತ ನಿಮ್ಮ ಅಧ್ಯಕ್ಷರು ನನಗೆ ಎರಡು ಸಲ ಫೋನ್ ಮಾಡಿ ಹೇಳಿದ್ರು."

"ಪರಂಪರೆ ಅಲ್ಲ" ಎಂದರು ಮೇಷ್ಟ್ರು. "ಪಾಯಖಾನೆ ತೊಳೆಯೋ ಹೆಂಗಸು ಬಕೆಟ್ ಹಿಡ್ಕೊಂಡು ದಾಟೋ ಹೊತ್ತು. ನಮ್ಮ ಗುರುಗಳು ಅವಳಿಗೆ ಹೇಸಿ ಸರೀತಿದ್ರು. ನಾನು ಅದನ್ನ ಪಾಠ ಅಂತ ಕಲಿತೆ, ಪಾಠ ಅಂತ ಕಲಿಸಿದೆ."

ಅಧ್ಯಕ್ಷನ ಸ್ನೇಹಿತರಲ್ಲಿ ಒಬ್ಬ ಗಡಿಯಾರ ನೋಡಿಕೊಂಡ. ಪರೀಕ್ಷಕ ಕನ್ನಡಕವನ್ನು ಒರೆಸಿದ್ದನ್ನೇ ಒರೆಸಿದ. ಅವನ ಪಾಠಶಾಲೆಯಲ್ಲೂ ಹಿತ್ತಿಲು ಇದ್ದಿರಬೇಕು. ಕೊನೆಗೆ, "ಹುಡುಗರು ಪಾಸು" ಎಂದಷ್ಟೇ ಹೇಳಿ ಎದ್ದ.

ಉದ್ದಣ್ಣ ಅದೇ ವಾರ ಟ್ರಂಕು ಹೊತ್ತು ಹೊರಟ. ಮೇಷ್ಟ್ರ ಕಾಲಿಗೆ ಬಿದ್ದು ಎದ್ದವನು ಪಕ್ಕೆ ಹೇಗಿದೆ ಎಂದು ಕೇಳಿದ. "ನಿನ್ನ ಮೊಣಕೈ ಚೆನ್ನಾಗಿರಲಿ, ಹೋಗು" ಎಂದರು ಮೇಷ್ಟ್ರು.

ಅಧ್ಯಕ್ಷ ತಾನು ಹೇಳಿದ್ದನ್ನು ಮಾಡಿದ. ಹುಡುಗರು ಫೇಲಾಗದಿದ್ದರೂ ಗುರುಗಳ ಹೆಸರು ನಾಲ್ಕು ಜನರೆದುರು ಮಣ್ಣುಪಾಲಾಯಿತು ಎಂಬ ಕಾರಣಕ್ಕೆ ಹಲಗೆ ಹೊಸ ಮೇಷ್ಟ್ರಿಗೆ ಹೋಯಿತು. ಮೇಷ್ಟ್ರಿಗೆ ಸಣ್ಣ ಮಕ್ಕಳ ಪಾಠ. ಅದು ಅಡುಗೆಮನೆಯ ಪಕ್ಕದ ಕೋಣೆ, ಅವರ ಅಪ್ಪ ಇದ್ದಿದ್ದರೆ ಕೂಗಿದರೆ ಕೇಳುವಷ್ಟು ಹತ್ತಿರ. ಹಲಗೆಗೆ ಬದಲು ಮಡಚಿದ ಕಂಬಳಿ. ಹೊಸ ಮೇಷ್ಟ್ರಿಗೆ ಆ ಹಲಗೆಯ ಗುಳಿ ಹೊಂದಲಿಲ್ಲವಂತೆ, ಮೇಲೆ ದಿಂಬು ಹಾಕಿಕೊಂಡರು. ಗಾದಿಯವನೇ ಹೊಲಿದುಕೊಟ್ಟ.

ಸಣ್ಣ ಮಕ್ಕಳ ಕೋಣೆಗೆ ಬೆಳಗ್ಗೆ ನೆಲ ಒರೆಸುವ ಹೆಂಗಸು ಬರುತ್ತಿದ್ದಳು. ಅವಳಿಗೆ ಮಂತ್ರ ಗಿಂತ್ರದ ಗೊಡವೆ ಇರಲಿಲ್ಲ; ಮುಗಿಸಿ ಬ್ಯಾಂಕಿಗೆ ಹೋಗಬೇಕು, ಅಲ್ಲೂ ಒರೆಸುವುದಿದೆ. ಪಾಠದ ನಡುವೆಯೇ ಬಕೆಟ್ಟು ಎಳೆದುಕೊಂಡು ಬಂದು, "ಕಾಲೆತ್ತಿ, ಕಾಲೆತ್ತಿ" ಎನ್ನುತ್ತಿದ್ದಳು. ಪಾಠ ನಿಲ್ಲಿಸಬಾರದೆಂದು ಮೇಷ್ಟ್ರ ಕಟ್ಟಾಜ್ಞೆ. ಹುಡುಗರು ಕೂಗುತ್ತಲೇ ಮೊಣಕಾಲು ಎದೆಗೆ ಎಳೆದುಕೊಳ್ಳುತ್ತಿದ್ದರು, ಮೇಷ್ಟ್ರೂ ಎಳೆದುಕೊಳ್ಳುತ್ತಿದ್ದರು, ಒದ್ದೆ ಬಟ್ಟೆ ಅವರ ಕೆಳಗೆ ಸುಯ್ಯೆಂದು ಹೋಗುತ್ತಿತ್ತು.

ಒಂದು ದಿನ ಅವಳಿಗೆ ಜ್ವರ, ಬರಲಿಲ್ಲ. ಪಾಠ ಸಾಗುತ್ತಿತ್ತು. ಒಂದು ಸಾಲಿಗೆ ಬಂದಾಗ ಕೋಣೆಯ ಅಷ್ಟೂ ಹುಡುಗರು ಮೊಣಕಾಲು ಎತ್ತಿದರು.

ಮೇಷ್ಟ್ರು ಕಣ್ಣು ಮುಚ್ಚಿ ಕೂತುಬಿಟ್ಟರು. ಆಮೇಲೆ ನೋಡಿಕೊಂಡರೆ ತಮ್ಮ ಮೊಣಕಾಲೂ ಮೇಲೆಯೇ ಇತ್ತು.

ಅವಳು ವಾಪಸು ಬಂದ ದಿನ ಬಾಗಿಲಲ್ಲೇ ತಡೆದು ಕೇಳಿದರು. "ನೋಡವ್ವಾ, ಒಂದುಪಕಾರ ಆಗ್ಬೇಕು. ದಿನಾ ಒಂದೇ ಹೊತ್ತಿಗೆ ಬರ್ಬೇಡ. ಒಂದಿನ ಬೇಗ, ಒಂದಿನ ತಡ, ಹೀಗೆ ಬಾ."

ಅವಳು ಬಕೆಟ್ಟು ಕೆಳಗಿಟ್ಟು ಕೈ ಬದಲಾಯಿಸಿಕೊಂಡಳು. "ಯಾಕೆ, ನನಗೇನು ಬೇರೆ ಕೆಲಸ ಇಲ್ವಾ? ಬ್ಯಾಂಕಿನೋರು ನಿಮ್ಮ ಹಾಗೆ ಕೂತಿರ್ತಾರಾ ನನಗೋಸ್ಕರ? ಬೇಕಾದ್ರೆ ನಿಮ್ಮ ಪಾಠಾನೇ ಹಿಂದೆ ಮುಂದೆ ಮಾಡ್ಕೊಳ್ಳಿ. ಸರೀರಿ, ದಾರಿ ಬಿಡಿ."

ಮೇಷ್ಟ್ರು ದಾರಿ ಬಿಟ್ಟರು. ಮಾರನೆಯ ದಿನದಿಂದ ಪಾಠವನ್ನು ದಿನಕ್ಕೊಂದು ಕಡೆಯಿಂದ ಶುರು ಮಾಡತೊಡಗಿದರು.